ಸುಗ್ಗಿಗೆ ದುಡ್ಡು ಹೊಂದಿಸಿದ ವರ್ಷ

2024ರ ದೀಪಾವಳಿಗೆ ಇನ್ನೂ ಎಂಟು ದಿನ ಇತ್ತು. ನಮ್ಮ ಮನೆಯವರು ಮಧ್ಯಾಹ್ನ ಎರಡು ಗಂಟೆಗೇ ಮನೆಗೆ ಬಂದರು. ಕೈಯಲ್ಲಿದ್ದ ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಇತ್ತು. ಕಲಬುರಗಿಯ ಒಂದು ಬ್ಯಾಳಿ ಮಿಲ್ಲಿನಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದರು ಅವರು. 2023ರ ಬರಗಾಲಕ್ಕೆ ತೊಗರಿ ಕೈಕೊಟ್ಟ ಮೇಲೆ ಮಾಲು ತುಟ್ಟಿಯಾಗಿ ಮಿಲ್ಲು ವಾರಕ್ಕೆ ಮೂರೇ ದಿನ ಓಡುತ್ತಿತ್ತು. ಅವತ್ತು ಅದೂ ನಿಂತಿತು. "ಹಬ್ಬದ ತನಕರೆ ಇಟ್ಕೋತಾರ ಅನ್ಕೊಂಡಿದ್ದೆ" ಅಂದರು. ಆಮೇಲೆ ಎರಡು ದಿನ ಮಾತೇ ಆಡಲಿಲ್ಲ.

ಸಂಬಳ 24,000 ಇತ್ತು. ಡಿಸೆಂಬರಿನಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ 15,000ಕ್ಕೆ ಕೆಲಸ ಸಿಕ್ಕಿತು. ನನ್ನ ಹೊಲಿಗೆಯಿಂದ ತಿಂಗಳಿಗೆ ಮೂರು, ಮೂರೂವರೆ ಸಾವಿರ. ಮನೆಯಲ್ಲಿ ಐದು ಮಂದಿ: ನಾವಿಬ್ಬರು, ಅತ್ತಿ, ನಾಲ್ಕನೇ ಕ್ಲಾಸಿನ ಮಗ, ನಾಲ್ಕು ವರ್ಷದ ಮಗಳು. 2025ರ ದೀಪಾವಳಿಗೆ ಒಂದು ವರ್ಷ ತುಂಬಿತು. ಬಡ್ಡಿ ಸಾಲ ಮಾಡಲಿಲ್ಲ, ಬಂಗಾರ ಒತ್ತೆ ಇಡಲಿಲ್ಲ. ಆದರೆ ಓಡಾಡಿದ್ದು ಬಹಳ, ತಪ್ಪಿದ್ದೂ ಬಹಳ. ನಮ್ಮಂತೆ ಸಂಬಳ ಒಮ್ಮೆಲೇ ಇಳಿದವರಿಗೆ ಒಂದಿಷ್ಟು ಸುತ್ತಾಟ ಉಳಿಯಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ ಒಂದು ನೋಟ್‌ಬುಕ್ ಹಚ್ಚಿದ್ದು. ನವೆಂಬರ್ ಪೂರ್ತಿ ಏನನ್ನೂ ಕಡಿಮೆ ಮಾಡಲಿಲ್ಲ, ಬರೀ ಬರೆದೆ. ಕೊತ್ತಂಬರಿಯ 10 ರೂಪಾಯಿಯನ್ನೂ ಬಿಡಲಿಲ್ಲ. ಬರೆಯುವ ತಿಂಗಳಲ್ಲೇ ಕಡಿಮೆ ಮಾಡಲು ಹೋದರೆ ನಿಜವಾದ ಲೆಕ್ಕ ಸಿಗುವುದಿಲ್ಲ ಎಂದು ಮನೆಯವರೇ ಹೇಳಿದ್ದರು, ಅದು ಅವರ ವಿದ್ಯೆ. ತಿಂಗಳ ಕೊನೆಗೆ ಬಾಡಿಗೆ, ಶಾಲೆ ಫೀಸು ಬಿಟ್ಟು 15,300 ರೂಪಾಯಿ ಆಗಿತ್ತು. ಕಿರಾಣಿ 5,100, ತರಕಾರಿ 2,300, ಹಾಲು 1,900, ಅತ್ತಿಯ ಗುಳಿಗೆ 1,250, ಮೊಬೈಲಿಗೆ 700, ಪೆಟ್ರೋಲಿಗೆ 1,200, ಕ್ಯಾನ್ ನೀರಿಗೆ 600, ಗ್ಯಾಸು 900. ಮಿಕ್ಕ 1,350 ಬಿಸ್ಕೀಟು, ಕುರುಕಲು ಪಾಕೀಟು, ಸಂಜೆಯ ಭಜಿ. ದೊಡ್ಡ ದುಂದು ಎಲ್ಲೂ ಕಾಣಲಿಲ್ಲ. ಹೆದರಿಕೆ ಆಗಿದ್ದೇ ಅದಕ್ಕೆ. ಬಿಡುವಂಥದ್ದು ಏನೂ ಇಲ್ಲದಿದ್ದರೆ ಕಡಿಮೆ ಮಾಡುವುದು ಎಲ್ಲಿ?

ಪುಸ್ತಕ ಓದಿ ಹೇಳಿದಾಗ ಅತ್ತಿ ಒಂದೇ ಮಾತು ಹೇಳಿದರು: "ಹಿಂಗ ಕಿಲೋ ಕಿಲೋ ತಂದ್ರ ಮನಿ ನಡೀತದೇನವ್ವ? ಸುಗ್ಗ್ಯಾಗ ತುಂಬಿ ಇಡಬೇಕು." ಆಗ ನನಗೆ ಸಿಟ್ಟೇ ಬಂತು. ತುಂಬಿ ಇಡಲು ಕೈಯಲ್ಲಿ ದುಡ್ಡು ಬೇಕಲ್ಲ! ಇಡೀ ವರ್ಷ ನಾನು ಗುದ್ದಾಡಿದ್ದು ಈ ಒಂದು ಪ್ರಶ್ನೆಯ ಜೊತೆಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಡಿಸೆಂಬರ್ ಕೊನೆಗೆ ಮನೆ ಬದಲಿಸಿದೆವು. ಜೇವರ್ಗಿ ರೋಡಿನ ಕಡೆಯ 7,000 ಬಾಡಿಗೆಯ ಮನೆ ಬಿಟ್ಟು ಶಹಾಬಜಾರಿನಲ್ಲಿ ಎರಡು ಕೋಣೆಯ ಹಳೇ ಮನೆ, 4,500. ಸಾಮಾನು ಸಾಗಿಸಿದ ಟೆಂಪೋಗೆ 1,500. ಹಿಂದೆ ಒಂದು ಚೂರು ಅಂಗಳ ಇದೆ, ಅದನ್ನು ನೋಡಿಯೇ ಅತ್ತಿ ಒಪ್ಪಿದ್ದು. ಮಗ ಮಾತ್ರ ಅತ್ತ. ಗೆಳೆಯರೆಲ್ಲ ಆ ಕಡೆಯೇ ಉಳಿದರು.

ಮನೆ ಬದಲಿಸುವವರು ಇದನ್ನು ಗಮನಿಸಿ. ಗೃಹಜ್ಯೋತಿ ಇರುವುದು ಮೀಟರಿನ ಆರ್‌ಆರ್ ನಂಬರಿಗೂ ನಿಮ್ಮ ಆಧಾರಿಗೂ ಗಂಟು ಹಾಕಿ. ಹಳೇ ಮನೆಯ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸ ಮನೆಯ ನಂಬರಿಗೆ ಹಚ್ಚಬೇಕು. ಸೇವಾಸಿಂಧುವಿನಲ್ಲಿ ಬಿಡಿಸುವ ಅವಕಾಶ ಇದೆ, ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ನಮ್ಮದನ್ನು ಅರ್ಧ ತಾಸಿನಲ್ಲಿ ಬಿಡಿಸಿದೆವು. ತೊಡಕು ಇನ್ನೊಂದು ಕಡೆ ಇತ್ತು. ಹೊಸ ಮನೆಯಲ್ಲಿ ನಮಗಿಂತ ಮುಂಚೆ ಇದ್ದವರ ಆಧಾರ್ ಆ ಮೀಟರಿಗೇ ಅಂಟಿಕೊಂಡಿತ್ತು. ಅವರು ಹೈದರಾಬಾದಿಗೆ ಹೋಗಿ, ಮೊಬೈಲ್ ನಂಬರೂ ಬದಲಿಸಿದ್ದರು. ಮನೆ ಮಾಲಕರ ಅಕ್ಕನ ಮೂಲಕ ಅವರನ್ನು ಹುಡುಕಿ, ಓಟಿಪಿ ಹೇಳಿಸಿಕೊಂಡು ಬಿಡಿಸುವಷ್ಟರಲ್ಲಿ ಎರಡು ಬಿಲ್ಲು ತುಂಬಿದ್ದೆವು. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆಯೇ ಮಾಲಕರಿಗೆ ಕೇಳಿಬಿಡಿ: ಹಿಂದಿನವರ ಆಧಾರ್ ಬಿಡಿಸಿದ್ದೀರಾ ಎಂದು.

ಇನ್ನೊಂದು ಮಾತು. 200 ಯುನಿಟ್ ಎಲ್ಲರಿಗೂ ಪುಕ್ಕಟೆ ಅಂದುಕೊಂಡಿದ್ದೆ. ಹಾಗಿಲ್ಲ. ಆ ಮೀಟರಿನ ಹಿಂದಿನ ಬಳಕೆಯ ಸರಾಸರಿ ನೋಡಿ ಮನೆ ಮನೆಗೆ ಬೇರೆ ಬೇರೆ ಮಿತಿ ಇಡುತ್ತಾರೆ. ಹಿಂದಿನ ಲೆಕ್ಕ ಇಲ್ಲದ ಹೊಸ ಮೀಟರಿಗೆ 53 ಯುನಿಟ್, ಅದರ ಮೇಲೆ ನೂರಕ್ಕೆ ಹತ್ತು, ಒಟ್ಟು 58. ನಮ್ಮ ಮೀಟರು ಹೊಸದು, ಹಾಗಾಗಿ ನಮಗೆ 58. ಅದು ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಕಲಬುರಗಿಯ ಏಪ್ರಿಲ್, ಮೇ ಬಿಸಿಲಿನಲ್ಲಿ ಕೂಲರ್ ಇಲ್ಲದೆ ಮಕ್ಕಳು ಮಲಗುವುದಿಲ್ಲ. ಆ ಎರಡು ತಿಂಗಳು ಕಟ್ಟಿದೆವು, ಉಳಿದ ತಿಂಗಳು ಸೊನ್ನೆ. ಮಾಳಿಗೆ ಮೇಲಿನ ಬಿಸಿಲಿಗೆ ಸ್ಟೀಲ್ ಕೊಡಗಳಲ್ಲಿ ನೀರಿಟ್ಟರೆ ಮಧ್ಯಾಹ್ನಕ್ಕೆ ಸ್ನಾನದ ಬಿಸಿ ಬಂದಿರುತ್ತದೆ. ಚಳಿಗಾಲಕ್ಕೆ ಹಿಂದಿನ ಅಂಗಳದಲ್ಲಿ ಒಲೆ ಹೂಡಿ ತೊಗರಿ ಕಟಗಿಯಿಂದ ನೀರು ಕಾಸಿದೆವು.

ಕಾಗದಪತ್ರದ ಕಥೆ ಇದಕ್ಕಿಂತ ಉದ್ದ. ನಮ್ಮದು ಎಪಿಎಲ್ ರೇಷನ್ ಕಾರ್ಡು, ಅದರಲ್ಲಿ ಮನೆಯ ಹಿರಿಯರು ಎಂದು ಇದ್ದದ್ದು ತೀರಿಹೋದ ನಮ್ಮ ಮಾವನ ಹೆಸರು. ಮಗಳ ಹೆಸರು ಸೇರಿಸಿಯೇ ಇರಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬರಬೇಕಾದರೆ ಕಾರ್ಡಿನಲ್ಲಿ ಹೆಣ್ಣುಮಗಳು ಯಜಮಾನಿ ಆಗಿರಬೇಕು. ಎಪಿಎಲ್ ಕಾರ್ಡಿನವರಿಗೂ ಬರುತ್ತದೆ, ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಿಗೆ ಮಾತ್ರ ಇಲ್ಲ. ಸುಮಾರು ಒಂದೂವರೆ ವರ್ಷ ಇದನ್ನು ಲಕ್ಷಿಸದೆ ಬಿಟ್ಟಿದ್ದೆವು. ಸಂಬಳ ಇದ್ದಾಗ ಅದರ ಕಿಮ್ಮತ್ತು ತಿಳಿಯಲಿಲ್ಲ.

ಓಣಿಯಲ್ಲಿ ಕೆಲವರು, "ಈಗ ಹೆಂಗೂ ಪಗಾರ ಕಮ್ಮಿ ಆಗ್ಯಾದ, ಬಿಪಿಎಲ್ಲೇ ಮಾಡ್ಸ್ರಿ, ಆದಾಯ ಕಮ್ಮಿ ಬರೆಸಿದ್ರ ಆಯ್ತು" ಅಂದರು. ಬಿಪಿಎಲ್ಲಿಗೆ ವರ್ಷದ ಆದಾಯ 1,20,000 ಒಳಗಿರಬೇಕು. ನಮ್ಮದು ಅದಕ್ಕಿಂತ ಹೆಚ್ಚು. ಮನೆಯವರು, "ಸುಳ್ಳು ಲೆಕ್ಕ ನಾ ಬರ್ಯಂಗಿಲ್ಲ" ಅಂದು ಮಾತು ಮುಗಿಸಿದರು. ಆ ಹೊತ್ತಿಗೆ ಮನಸ್ಸಿನಲ್ಲಿ ಸ್ವಲ್ಪ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಈಗ ಅವರು ಸರಿ ಅನ್ನಿಸುತ್ತದೆ. ಆ ಅಕ್ಕಿ ನಮಗಿಂತ ಕಷ್ಟದಲ್ಲಿ ಇರುವವರದು.

ಡಿಸೆಂಬರಿನಲ್ಲಿ ಮೊದಲ ಸಲ ಸೇವಾ ಕೇಂದ್ರಕ್ಕೆ ಹೋದಾಗ ತಿದ್ದುಪಡಿ ತೆರೆದೇ ಇರಲಿಲ್ಲ. ಈ ತಿದ್ದುಪಡಿ ವರ್ಷವಿಡೀ ತೆರೆದಿರುವುದಿಲ್ಲ, ಆಗಾಗ ಕೆಲವು ದಿನ ಬಿಡುತ್ತಾರೆ. ಆ ದಿನ ಗೊತ್ತಾಗಬೇಕಾದರೆ ನ್ಯಾಯಬೆಲೆ ಅಂಗಡಿಯವರ ಜೊತೆ ಮಾತು ಇಟ್ಟುಕೊಳ್ಳಬೇಕು. ಫೆಬ್ರವರಿಯಲ್ಲಿ ತೆರೆದಾಗ ಬೆಳಿಗ್ಗೆ ಏಳಕ್ಕೇ ಸರತಿಯಲ್ಲಿ ನಿಂತೆ. ಹತ್ತು ಗಂಟೆಗೆ ಕಂಪ್ಯೂಟರ್ ಮುಂದೆ ಕೂತ ಹುಡುಗ "ಸರ್ವರ್ ಬರ್ಲಾಕತ್ತಿಲ್ಲ ಅಕ್ಕೋರ" ಅಂದ. ಎರಡನೆಯ ದಿನವೂ ಅದೇ ಮಾತು. ಸರತಿಯಲ್ಲಿ ಮಗನ ಹಳೇ ಶಾಲೆಯ ಗೆಳೆಯನ ತಾಯಿ ಕಂಡರು. ಮುಖ ತಿರುಗಿಸಿಕೊಳ್ಳಬೇಕು ಅನ್ನಿಸಿತು. ಆದರೆ ಅವರೇ ಬಂದು ಪಕ್ಕದಲ್ಲಿ ನಿಂತು, ಕೈಚೀಲದಿಂದ ಶೇಂಗಾ ತೆಗೆದು ಕೊಟ್ಟರು. ಅವರ ಮನೆಯಲ್ಲೂ ಅಂಥದ್ದೇ ಕಥೆ ಇತ್ತು.

ಮೂರನೆಯ ದಿನ ಸರ್ವರ್ ಬಂತು, ಕಾಗದ ತಪ್ಪಿತು. ಮಗಳ ಜನನ ಪ್ರಮಾಣಪತ್ರದಲ್ಲಿ ಅಪ್ಪ, ಅಮ್ಮನ ಹೆಸರು ಇದೆ, ಮಗುವಿನ ಹೆಸರಿನ ಜಾಗ ಖಾಲಿ. ಹುಟ್ಟಿದ ವಾರವೇ ಮಾಡಿಸಿದ್ದು, ಆಗ ಹೆಸರೇ ಇಟ್ಟಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಪ್ರಮಾಣಪತ್ರ ಇದೆಯೇ, ಇವತ್ತೇ ತೆಗೆದು ನೋಡಿ. ಹುಟ್ಟಿದ ಒಂದು ವರ್ಷದೊಳಗೆ ಹೆಸರು ಸೇರಿಸಲು ದುಡ್ಡಿಲ್ಲ, ಆಮೇಲೆ 15 ವರ್ಷದ ತನಕ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಶುಲ್ಕ ಸಣ್ಣದು, ಓಡಾಟ ದೊಡ್ಡದು. ನನಗೆ ಹನ್ನೆರಡು ದಿನ ಹಿಡಿಯಿತು, ಅಷ್ಟರಲ್ಲಿ ತಿದ್ದುಪಡಿ ಮುಚ್ಚಿತು. ಅವತ್ತು ಮನೆಗೆ ಬಂದು ಹೊಲಿಗೆ ಮಷೀನಿನ ಮುಂದೆ ಸುಮ್ಮನೆ ಕೂತುಬಿಟ್ಟೆ. ಒಂದು ಜಂಪರ್ ಕೂಡ ಹೊಲಿಯಲಾಗಲಿಲ್ಲ.

ಮುಂದಿನ ಸಲ ತೆರೆದಾಗ ಮಾವನ ಮರಣ ಪ್ರಮಾಣಪತ್ರ, ಎಲ್ಲರ ಆಧಾರ್, ಮಗಳ ಹೊಸ ಪ್ರಮಾಣಪತ್ರ ಒಂದೇ ಫೈಲಿನಲ್ಲಿ ಜೋಡಿಸಿಕೊಂಡು ಹೋದೆ. ಅತ್ತಿಯನ್ನು ಯಜಮಾನಿ ಮಾಡಬೇಕು ಅಂದರೆ ಅವರ ಬೆರಳಚ್ಚು ಬೇಕು. ನಲವತ್ತು ವರ್ಷ ಹೊಲದಲ್ಲಿ ದುಡಿದ ಕೈ, ಗೆರೆ ಸವೆದುಹೋಗಿವೆ. ಮಷೀನು ಹತ್ತೂ ಬೆರಳು ಒಪ್ಪಲಿಲ್ಲ. ಅತ್ತಿ ಸೆರಗಿನಲ್ಲಿ ಬೆರಳು ಒರೆಸಿ ಒರೆಸಿ ಇಟ್ಟರು. "ನನ್ನ ಕೈ ನಂದಲ್ಲಂತಾದೇನವ್ವ ಇದು?" ಅಂದಾಗ ನನ್ನ ಕಣ್ಣು ತುಂಬಿತು. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಿದೆ, ಆಗ ಅದಕ್ಕೆ 100 ರೂಪಾಯಿ. ಬೆರಳಿಗೆ ಹಿಂದಿನ ರಾತ್ರಿ ಎಣ್ಣೆ ಸವರಿ, ಬೆಳಿಗ್ಗೆ ಸಾಬೂನಿನಲ್ಲಿ ತೊಳೆದು ಪೂರ್ತಿ ಒಣಗಿಸಿಕೊಂಡು ಹೋದರೆ ನಮ್ಮ ಅತ್ತಿಗೆ ಕೆಲಸ ಆಯಿತು. ವಯಸ್ಸಾದವರನ್ನು ಕರೆದೊಯ್ಯುವವರು ಮಾಡಿ ನೋಡಿ.

ಮೇ ತಿಂಗಳಲ್ಲಿ ಕಾರ್ಡು ಸರಿಯಾಯಿತು, ಜೂನಿನಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಿದೆವು. ದುಡ್ಡು ಬರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಅಂದರು. ಆಮೇಲೆ ತಿಳಿದದ್ದು: ಖಾತೆಗೆ ಆಧಾರ್ ಲಿಂಕ್ ಆಗಿರುವುದು ಬೇರೆ, ಸರ್ಕಾರದ ದುಡ್ಡು ಯಾವ ಖಾತೆಗೆ ಬರಬೇಕು ಎಂದು ಗುರುತಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿರುವುದು ಬೇರೆ. ಅತ್ತಿಯ ಮ್ಯಾಪಿಂಗ್ ಎಂದೋ ಮುಚ್ಚಿದ ಹಳೇ ಖಾತೆಗೆ ಇತ್ತು. ಅಂಚೆ ಕಚೇರಿಯಲ್ಲಿ ಪೇಮೆಂಟ್ಸ್ ಬ್ಯಾಂಕಿನ ಹೊಸ ಖಾತೆ ತೆಗೆದು ಅದಕ್ಕೇ ಮ್ಯಾಪಿಂಗ್ ಮಾಡಿಸಿದೆ. ಆಗಸ್ಟಿನಲ್ಲಿ ಮೊದಲ 2,000 ಬಂತು. ಲೆಕ್ಕ ಹಾಕಿದರೆ ಹನ್ನೊಂದು ಸಲ ಓಡಾಡಿದ್ದೆ, ಝೆರಾಕ್ಸ್, ಫೋಟೊ, ಶುಲ್ಕ, ಆಟೊ ಸೇರಿ 640 ರೂಪಾಯಿ. ನಡುವೆ ಒಬ್ಬರು 1,500 ಕೊಟ್ಟರೆ ಎಲ್ಲ ಒಂದೇ ದಿನ ಮಾಡಿಸುತ್ತೇನೆ ಅಂದಿದ್ದರು. ಕೊಟ್ಟಿದ್ದರೂ ಮಗಳ ಹೆಸರಿಲ್ಲದ ಪ್ರಮಾಣಪತ್ರ, ಮುಚ್ಚಿದ ಖಾತೆ ಹಾಗೇ ಇರುತ್ತಿದ್ದವು. ವಾಟ್ಸಾಪಿನಲ್ಲಿ ಬರುವ ಅರ್ಜಿ ಲಿಂಕ್ ಒತ್ತಬೇಡಿ, ಗೊತ್ತಿಲ್ಲದವರಿಗೆ ಓಟಿಪಿ ಹೇಳಬೇಡಿ. ಮತ್ತೆ, ಕಂತು ಪ್ರತಿ ತಿಂಗಳೂ ಇಂಥದ್ದೇ ದಿನ ಬರುತ್ತದೆ ಎಂದು ನಂಬಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಬೇಡಿ.

ಈಗ ಸುಗ್ಗಿಯ ಮಾತು.

ಡಿಸೆಂಬರ್ 30ರಂದು ಎಳ್ಳ ಅಮಾವಾಸ್ಯೆ. ನನ್ನ ತವರು ಜೇವರ್ಗಿ ತಾಲೂಕು. ಶಕ್ತಿ ಯೋಜನೆಯ ಸೊನ್ನೆ ಟಿಕೀಟಿನಲ್ಲಿ ನಾನು, ಅತ್ತಿ, ಮಗಳು, ಟಿಕೀಟು ತೆಗೆಸಿ ಮಗ, ಹೀಗೆ ಹೋದೆವು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಗಿಡದ ನೆರಳಿಗೆ ಕೂತಾಗ ನನ್ನ ತಮ್ಮ ತೊಗರಿ ತೋರಿಸಿ, "ಈ ಸಲ ಚೊಲೊ ಬಂದದ, ರೇಟ್ ಬೀಳ್ತದ ಅಕ್ಕ" ಅಂದ. ನವೆಂಬರಿನಲ್ಲಿ ನಾನು ಬ್ಯಾಳಿಗೆ ಕಿಲೋಗೆ 175 ಕೊಟ್ಟಿದ್ದೆ. ಅತ್ತಿ ನನ್ನ ಕಡೆ ನೋಡಿದರು. ಜೋಳವೂ ಆಗ ತೆನೆ ಹೊಡೆಯುತ್ತಿತ್ತು, ಮಾರ್ಚಿಗೆ ಬರುತ್ತದೆ. ನಮ್ಮ ಮನೆಗೆ ತಿಂಗಳಿಗೆ 25 ಕಿಲೋ ಜೋಳ ಬೇಕು, ವರ್ಷಕ್ಕೆ ಮೂರು ಚೀಲ. ಬ್ಯಾಳಿ ತಿಂಗಳಿಗೆ ಮೂರೂವರೆ ಕಿಲೋ. ಎಲ್ಲ ಸೇರಿ 18,000 ಆದರೂ ಬೇಕು. ಕೈಯಲ್ಲಿ ಇದ್ದದ್ದು 3,000.

ಬಡವರು ತುಟ್ಟಿ ಕಾಲದಲ್ಲಿ ಕೊಳ್ಳುತ್ತಾರೆ, ಇದ್ದವರು ಅಗ್ಗದ ಕಾಲದಲ್ಲಿ ಕೊಳ್ಳುತ್ತಾರೆ. ಅವತ್ತು ಬಸ್ಸಿನಲ್ಲಿ ಬರುವಾಗ ಇದೇ ತಲೆಯಲ್ಲಿ ತಿರುಗುತ್ತಿತ್ತು. ಬಡ್ಡಿಗೆ ತಂದು ಜೋಳ ತುಂಬಿದರೆ ಉಳಿಯುವುದೆಲ್ಲ ಬಡ್ಡಿಗೇ ಹೋಗುತ್ತದೆ. ಆಗ ನೆನಪಾದದ್ದು ಭಿಶಿ, ಅಂದರೆ ತಿಂಗಳಿಗೊಮ್ಮೆ ದುಡ್ಡು ಕೂಡಿ ಹಾಕಿ ಪಾಳಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಚೀಟಿ. ಹಳೇ ಓಣಿಯ ಹನ್ನೆರಡು ಹೆಣ್ಣುಮಕ್ಕಳು ಜೂನಿನಿಂದ ತಿಂಗಳಿಗೆ ಸಾವಿರದಂತೆ ಹಾಕುತ್ತಿದ್ದೆವು. ಕೆಲಸ ಹೋದ ಮೇಲೂ ನಾನು ಕಂತು ತಪ್ಪಿಸಿರಲಿಲ್ಲ. ನನ್ನ ಚೀಟಿ ಮೇ ತಿಂಗಳಿಗೆ ಎದ್ದಿತ್ತು. ಮೇ ಅಂದರೆ ಸುಗ್ಗಿ ಮುಗಿದುಹೋಗಿರುತ್ತದೆ. ಫೆಬ್ರವರಿ ಪಾಳಿ ಇದ್ದವರು ರೊಟ್ಟಿ ಮಾಡಿ ಮಾರುವ ಮಾಮಿ. ಅವರ ಮನೆಗೆ ಹೋಗಿ, ಹೇಗೆ ಕೇಳುವುದು ಎಂದು ಗೊತ್ತಾಗದೆ ಚಹಾ ಕುಡಿದು ಎದ್ದೆ. ಬಾಗಿಲ ತನಕ ಬಂದ ಅವರೇ, "ಯಾಕ ಬಂದಿದ್ದಿ ಹೇಳ್ದೆ ಹೊಂಟಿ?" ಅಂದರು. ಹೇಳಿದೆ. "ನಂದು ಮೇದಾಗ ಬಂದ್ರೂ ನಡೀತದ, ನೀ ತಗೋ" ಅಂದರು. ಇಷ್ಟೇ ಮಾತು. ಆ ಮಾಮಿಯ ಋಣ ನನ್ನ ಮೇಲೆ ಇದೆ.

ಫೆಬ್ರವರಿಯಲ್ಲಿ 12,000 ಕೈಗೆ ಬಂತು. ಮೊದಲು ತೊಗರಿ. ನನ್ನ ತಮ್ಮ ಗಂಜಿಗೆ, ಅಂದರೆ ಕಾಳಿನ ಸಗಟು ಪೇಟೆಗೆ, ಮಾಲು ತರುವ ಗಾಡಿಯಲ್ಲೇ 60 ಕಿಲೋ ಇಳಿಸಿದ. ಗಂಜಿನ ರೇಟಿನಲ್ಲೇ ಕೊಡು ಎಂದು ಹಟ ಮಾಡಿದೆ, ಕ್ವಿಂಟಲಿಗೆ 7,300ರಂತೆ 4,380. ತವರು ಅಂತ ಪುಕ್ಕಟೆ ತಂದರೆ ಮುಂದಿನ ವರ್ಷ ಕೇಳಲು ಬಾಯಿ ಬರುವುದಿಲ್ಲ. ಸಣ್ಣ ಮಷೀನಿನಲ್ಲಿ ಒಡೆಸಲು ಕಿಲೋಗೆ 8. ಅರವತ್ತಕ್ಕೆ 42 ಕಿಲೋ ಬ್ಯಾಳಿ ಬಂತು, ಉಳಿದದ್ದು ನುಚ್ಚು, ಹೊಟ್ಟು. ಹೊಟ್ಟು ಎಮ್ಮೆ ಸಾಕಿದವರಿಗೆ ಕೊಟ್ಟು ಮಜ್ಜಿಗೆ ತಂದೆವು. ಬ್ಯಾಳಿ ಕಿಲೋಗೆ 116 ಬಿತ್ತು.

ಇಲ್ಲಿ ನಾನು ಅಂದುಕೊಂಡ ಲೆಕ್ಕ ತಪ್ಪಿತು. ಮಳೆಗಾಲದ ಹೊತ್ತಿಗೆ ಬ್ಯಾಳಿ ಮತ್ತೆ 170 ಆಗುತ್ತದೆ ಎಂದು ನಂಬಿದ್ದೆ. ಆಗಲಿಲ್ಲ. ಬೆಳೆ ಚೆನ್ನಾಗಿ ಬಂದಿತ್ತು, ಮೇಲಿಂದ ಹೊರದೇಶದ ತೊಗರಿಯನ್ನು ಸುಂಕ ಇಲ್ಲದೆ ತರಿಸುವ ಅವಕಾಶವನ್ನು ಕೇಂದ್ರ ಸರ್ಕಾರ 2026ರ ಮಾರ್ಚ್ 31ರ ತನಕ ಮುಂದುವರಿಸಿತು. ಅಂಗಡಿಯಲ್ಲೂ ಹೆಚ್ಚು ಕಡಿಮೆ ನನ್ನ ರೇಟಿಗೇ ಬ್ಯಾಳಿ ಸಿಕ್ಕಿತು. ನಮ್ಮ ಕಲಬುರಗಿ ತೊಗರಿಬ್ಯಾಳಿಗೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದ್ದು ಸುಮ್ಮನೆ ಅಲ್ಲ, ಲಗೂ ಬೇಯುತ್ತದೆ, ರುಚಿ ಇದೆ. ಆ ರುಚಿ ವರ್ಷವಿಡೀ ಸಿಕ್ಕಿತು, ದುಡ್ಡು ಮಾತ್ರ ಉಳಿಯಲಿಲ್ಲ. ಬೆಂಬಲ ಬೆಲೆ 7,550 ಇದ್ದಾಗ ತಮ್ಮನಂಥವರು 7,300ಕ್ಕೆ ಮಾರಿದರು ಎಂಬುದೂ ನೆನಪಿದೆ. ನನ್ನ ಉಳಿತಾಯ ಅವನ ಮನೆಯ ನಷ್ಟ ಆಗಬಾರದು ಎಂದು ಆಗಾಗ ಅನ್ನಿಸುತ್ತದೆ.

ಜೋಳದಲ್ಲಿ ಮಾತ್ರ ಅತ್ತಿಯ ಮಾತು ಪೂರಾ ನಿಜವಾಯಿತು. ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಅತ್ತಿಯನ್ನು ಕರೆದುಕೊಂಡು ನೆಹರೂ ಗಂಜಿಗೆ ಹೋದೆ. ಮೂರು ಅಂಗಡಿಯಲ್ಲಿ ಕೇಳಿದೆವು. ಅತ್ತಿ ಕಾಳು ಬಾಯಿಗೆ ಹಾಕಿ ಕಡಿದು ನೋಡಿದರು. ಕಟ್ ಎಂದು ಮುರಿದರೆ ಒಣಗಿದೆ ಅಂತ, ಮೆತ್ತಗೆ ಚಪ್ಪಟೆ ಆದರೆ ಹಸಿ ಇದೆ ಅಂತ. ಕಾಳಿನ ತುದಿ ಕಪ್ಪಾಗಿದ್ದರೆ ತೆನೆಯಲ್ಲಿ ಮಳೆ ಹಿಡಿದ ಮಾಲು, ರೊಟ್ಟಿ ಕರಿ ಬರುತ್ತದೆ. ಆದರೂ ಅವತ್ತು ಚೀಲ ತರಲಿಲ್ಲ. ಎರಡು ಅಂಗಡಿಯಿಂದ ಒಂದೊಂದು ಕಿಲೋ ಮಾಲದಂಡಿ ಜೋಳ ತಂದು, ಬೇರೆ ಬೇರೆ ಬೀಸಿಸಿ, ರೊಟ್ಟಿ ಬಡಿದು ನೋಡಿದೆವು. ಒಂದರ ಹಿಟ್ಟಿಗೆ ಜಿಗಿ ಇರಲಿಲ್ಲ, ಅಂಚು ಸೀಳುತ್ತಿತ್ತು, ಹಳೇ ಜೋಳ. ಇನ್ನೊಂದರ ಹಿಟ್ಟು ಕೈ ತಿರುಗಿದ ಹಾಗೆ ಹರಡಿತು. ಮರುದಿನ ಅದನ್ನೇ ಎರಡು ಚೀಲ, ಕ್ವಿಂಟಲಿಗೆ 4,100. ಹಮಾಲಿ, ಆಟೊ ಸೇರಿ ಕಿಲೋಗೆ 43 ಹತ್ತಿರ ಬಿತ್ತು. ತೂಕ ಎದುರಿಗೇ ಮಾಡಿಸಿ, ಖಾಲಿ ಚೀಲದ ತೂಕ ಕಳೆಯಿಸಿ. ಮೂರನೆಯ ಚೀಲಕ್ಕೆ ದುಡ್ಡು ಸಾಲಲಿಲ್ಲ.

ಮೊದಲು ನಾನು ಅಂಗಡಿಯ ಜೋಳದ ಹಿಟ್ಟು ತರುತ್ತಿದ್ದೆ, ಕಿಲೋಗೆ 65. ಈಗ ಗಿರಣಿಯ 5 ರೂಪಾಯಿ ಸೇರಿಸಿದರೂ 48. ಎಂಟು ದಿನಕ್ಕೆ ಬೇಕಾದಷ್ಟೇ ಬೀಸಿಸಿ, ಹೆಚ್ಚು ದಿನ ಇಟ್ಟ ಹಿಟ್ಟಿಗೆ ಜಿಗಿ ಹೋಗುತ್ತದೆ, ಕಹಿಯೂ ಬರುತ್ತದೆ.

ತುಂಬಿ ಇಡುವುದೂ ಒಂದು ಕೆಲಸ. ಎರಡು ದಿನ ಮಾಳಿಗೆ ಮೇಲೆ ಒಣಗಿಸಿ, ಸಂಜೆ ಬಿಸಿ ಆರಿದ ಮೇಲೆ ನೆರಳಲ್ಲಿ ಒಣಗಿಸಿದ ಬೇವಿನೆಲೆ ಸೇರಿಸಿ ಒಂದು ಚೀಲವನ್ನು ಹಳೇ ತಗಡಿನ ಡ್ರಮ್ಮಿಗೆ ತುಂಬಿದೆವು. ಇನ್ನೊಂದು ಚೀಲಕ್ಕೆ ಡ್ರಮ್ಮು ಇರಲಿಲ್ಲ, ಗೋಡೆಗೆ ಒರಗಿಸಿ ಇಟ್ಟೆ. ಅದು ನನ್ನ ತಪ್ಪು. ಜುಲೈ ಮಳೆಗೆ ಗೋಡೆ ತೇವ ಹಿಡಿದು ಚೀಲದ ತಳದಲ್ಲಿ ನುಸಿ ಬಿತ್ತು. ಬಿಸಿಲು ಬಂದ ಮೊದಲ ದಿನವೇ ಹರವಿ, ಜರಡಿ ಹಿಡಿದು, ಆರಿಸಿದೆವು. ಆರು ಕಿಲೋ ಕೋಳಿಗೆ ಹಾಕಬೇಕಾಯಿತು. ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ.

ಖಾರವನ್ನೂ ಬೇಸಿಗೆಯಲ್ಲೇ ಕುಟ್ಟಿಸಿದೆವು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಮಸಾಲೆ ಸಾಮಾನು ಸೇರಿ ಕಿಲೋಗೆ 315 ಬಿತ್ತು. ಸಣ್ಣ ಪಾಕೀಟಿನ ಲೆಕ್ಕದಲ್ಲಿ ಅದು 450. ಚವಳಿಕಾಯಿ ಒಣಗಿಸಿದೆವು, ಮಜ್ಜಿಗೆ ಮೆಣಸಿನಕಾಯಿ, ಅಕ್ಕಿ ಸಂಡಿಗೆ ಹಾಕಿದೆವು. ಜೂನ್, ಜುಲೈನಲ್ಲಿ ತರಕಾರಿ ತುಟ್ಟಿಯಾದಾಗ ವಾರಕ್ಕೆ ಎರಡು ದಿನ ಜುಣಕ, ಎರಡು ದಿನ ಮಡಕಿ ಕಾಳು, ಒಂದು ದಿನ ಪುಂಡಿಪಲ್ಯ ಎಂದು ನಡೆಸಿದೆ. ಶೇಂಗಾ ಕೊಟ್ಟು ಗಾಣದ ಎಣ್ಣೆ ತೆಗೆಸಿದ್ದು ಮಾತ್ರ ಲಾಭ ಆಗಲಿಲ್ಲ, ಪಾಕೀಟಿನ ಎಣ್ಣೆಗಿಂತ ತುಟ್ಟಿ ಬಿತ್ತು. ಎಣ್ಣೆ ಒಳ್ಳೆಯದೇ, ಆದರೆ ಉಳಿತಾಯಕ್ಕೆ ಎಂದು ಹೋಗಬೇಡಿ.

ತರಕಾರಿಗೆ ಹೊಸ ಓಣಿಯ ಐದು ಮನೆಯವರು ಜೋಡಿಯಾದೆವು. ವಾರಕ್ಕೆ ಒಂದು ಸಲ ಇಬ್ಬರು ಬೆಳಿಗ್ಗೆ ಕಣ್ಣಿ ಮಾರ್ಕೆಟಿಗೆ ಹೋಗಿ ಬುಟ್ಟಿಗಟ್ಟಲೆ ತಂದು ಪಾಲು ಹಾಕಿಕೊಳ್ಳುವುದು. ಸಿಟಿ ಬಸ್ಸು ನಮಗೆ ಪುಕ್ಕಟೆ. ಕ್ಯಾನ್ ನೀರು ಬಿಟ್ಟು ಶುದ್ಧ ನೀರಿನ ಘಟಕದಿಂದ 5 ರೂಪಾಯಿಗೆ 20 ಲೀಟರ್ ತರುವ ಕೆಲಸ ಮಗನದ್ದು, ಸೈಕಲ್ ಮೇಲೆ.

ಔಷಧದ ಮಾತು ಯಾರೂ ಮರೆಯಬಾರದು. ಅತ್ತಿಯ ಬಿಪಿ, ಸಕ್ಕರೆ ಗುಳಿಗೆಗೆ 1,250 ಹೋಗುತ್ತಿತ್ತು. ಡಾಕ್ಟರಿಗೆ ಕಂಪನಿ ಹೆಸರಿನ ಬದಲು ಔಷಧದ ಮೂಲ ಹೆಸರು, ಮಿಲಿಗ್ರಾಂ ಬರೆದುಕೊಡಿ ಎಂದು ಕೇಳಿದೆ, ಸಂತೋಷದಿಂದ ಬರೆದುಕೊಟ್ಟರು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ 340ಕ್ಕೆ ಬಂತು. ಎರಡು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲ ಮೊದಲಿನ ಹಾಗೇ ಇತ್ತು. ಡಾಕ್ಟರಿಗೆ ಕೇಳದೆ ಬದಲಿಸಬೇಡಿ. ಇಷ್ಟೂ ಆಗದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಗುಳಿಗೆ ಪುಕ್ಕಟೆ ಕೊಡುತ್ತಾರೆ.

ಹಾಲಿನಲ್ಲಿ ಕೈ ಇಡಬಾರದಿತ್ತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಒಂದೂವರೆ ಲೀಟರಿನಿಂದ ಒಂದಕ್ಕೆ ಇಳಿಸಿದೆ. ಮಗಳು ರಾತ್ರಿ ಹಾಲು ಕೇಳಿ ಅತ್ತ ಮೇಲೆ ದೊಡ್ಡವರ ಚಹಾ ಒಂದು ಹೊತ್ತಿಗೆ ಇಳಿಸಿ ಮಕ್ಕಳಿಗೆ ಮೊದಲಿನಷ್ಟೇ ಮಾಡಿದೆ. ಆ ಹದಿನೈದು ದಿನ ಈಗಲೂ ಚುಚ್ಚುತ್ತವೆ.

ಸೆಪ್ಟೆಂಬರಿನ ನೋಟ್‌ಬುಕ್ಕಿನಲ್ಲಿ ಒಟ್ಟು 10,400. ಲೆಕ್ಕಕ್ಕೆ ನೋಡಿದರೆ ಬಾಡಿಗೆ, ಔಷಧದಲ್ಲಿ ಉಳಿದದ್ದೇ ಹೆಚ್ಚು. ಆದರೆ ನಮ್ಮ ಮನೆಯವರ ಮುಖಕ್ಕೆ ಕಳೆ ಬಂದದ್ದು ಜೋಳ ತುಂಬಿದ ದಿನ. ರಾತ್ರಿ ಎದ್ದು ಡ್ರಮ್ಮಿನ ಮುಚ್ಚಳ ತೆಗೆದು ನೋಡಿ ಮತ್ತೆ ಮಲಗಿದ್ದರು. ಕೆಲಸ ಹೋದ ಮೇಲೆ ಅವರು ನಿದ್ದೆ ಮಾಡಿದ್ದು ಅವತ್ತೇ.

ಅದೇ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿತು. ತಮ್ಮನ ಹೊಲದಲ್ಲಿ ವಾರಗಟ್ಟಲೆ ನೀರು ನಿಂತು ತೊಗರಿ ಹಳದಿ ತಿರುಗಿತು. ಹಿಂಗಾರಿಯ ಜೋಳ ಬಿತ್ತಲು ನೆಲ ಆರಬೇಕು ಎಂದು ಕಾಯುತ್ತಿದ್ದಾನೆ. ನಮ್ಮ ಡ್ರಮ್ಮಿನಲ್ಲಿ ಈಗ ಒಂದು ತಿಂಗಳ ಜೋಳ ಇದೆ. ಹೊಸ ಭಿಶಿ ಜೂನಿನಲ್ಲೇ ಶುರುವಾಯಿತು. ಚೀಟಿ ಎತ್ತುವ ಮುಂಚೆಯೇ ಎಲ್ಲರೂ ಕೂತು ಮಾತಾಡಿ, ಜನವರಿಯಿಂದ ಮಾರ್ಚ್ ತನಕದ ಪಾಳಿ ಕಾಳು ತುಂಬುವವರಿಗೇ ಎಂದು ಠರಾಯಿಸಿದ್ದೇವೆ. ಫೆಬ್ರವರಿ ನನ್ನದು, ಮಾರ್ಚ್ ಮಾಮಿಯದು. ಎರಡನೆಯ ಡ್ರಮ್ಮಿಗೆ 700 ಹೇಳಿದ್ದಾರೆ, ಸ್ವಲ್ಪ ಚೌಕಾಸಿ ಮಾಡಿ ಈ ವಾರ ತರಬೇಕು.